ಅಸಲಿ ಎಂಬ ಚೀಟಿ, ಕತ್ತರಿಸಿದ ಅಂಚು

ಅಂಕ ಸಿಗದ ಕಾರ್ಡಿನವರು ಯಾವಾಗಲೂ ಊಟದ ಹೊತ್ತಿಗೇ ಜಗಳಕ್ಕೆ ಬರುತ್ತಾರೆ. ಪುತ್ತೂರಿನ ನಮ್ಮ ಕಚೇರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ನಾನು ಕಂಡುಕೊಂಡ ಮೊದಲ ಸತ್ಯ ಇದು. ಬುತ್ತಿಯ ಮುಚ್ಚಳ ಆಗಷ್ಟೇ ತೆಗೆದಿರುತ್ತೇವೆ, ಹೊರಗಿನಿಂದ ದನಿ ಕೇಳುತ್ತದೆ: "ಇದೆಂತ ಮಾರಾಯ್ರೆ, ಅಸಲಿ ಅಂತ ಬರ್ದಿದ್ದೀರಿ, ಅಂಕ ಎಲ್ಲಿ?" ಈಗ ನನ್ನ ಜಾಗಕ್ಕೆ ಮೂವರು ಹೊಸ ಹುಡುಗಿಯರು ಬಂದಿದ್ದಾರಂತೆ. ಅವರಿಗೆ ಓದಲು ಏನಾದರೂ ಬರೆದು ಕೊಡಿ ಎಂದು ಧಣಿಗಳು ಹೇಳಿ ಕಳುಹಿಸಿದ್ದರಿಂದ ಪೆನ್ನು ಹಿಡಿದಿದ್ದೇನೆ. ಸಂಬಳ ಎಷ್ಟು ಏರಿತು, ಯಾವ ಕುರ್ಚಿ ಸಿಕ್ಕಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ, ಅವು ಬೇಕಾದಷ್ಟಿವೆ.

ಕೆಲಸ ಏನೆಂದು ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಕ್ರಿಕೆಟ್ ಆಟಗಾರರ ಚಿತ್ರ, ಫುಟ್ಬಾಲ್ ಆಟಗಾರರ ಚಿತ್ರ, ಬೆಂಕಿ ಉಗುಳುವ ಪ್ರಾಣಿಗಳ ಚಿತ್ರ ಇರುವ ಅಂಗೈ ಅಗಲದ ಕಾರ್ಡುಗಳನ್ನು ಮಕ್ಕಳು ಕೂಡಿಹಾಕುತ್ತಾರಲ್ಲ, ಅವೇ. ಹಳತಾಗಿ ಅಪರೂಪವಾದ ಮೇಲೆ ಅವುಗಳ ಹಿಂದೆ ಬೀಳುವವರು ಮೀಸೆ ಹಣ್ಣಾದ ಗಂಡಸರು. ಕೊಳ್ಳುವವನಿಗೆ ನಂಬಿಕೆ ಬರಬೇಕೆಂದು ಕಾರ್ಡನ್ನು ನಮ್ಮಲ್ಲಿಗೆ ಕಳುಹಿಸುತ್ತಾರೆ. ನಾವು ಭೂತಗನ್ನಡಿ ಹಿಡಿದು ನೋಡುತ್ತೇವೆ. ನಕಲಿಯಾದರೆ ಕಾಗದ ಬರೆದು ಹಾಗೇ ವಾಪಸು. ಅಸಲಿಯಾದರೆ ಅದು ಎಷ್ಟು ಚೆನ್ನಾಗಿ ಉಳಿದಿದೆ ಎಂದು ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಹಾಕಿ, ಮೇಲೆ ಚೀಟಿ ಇಟ್ಟು ಮುಚ್ಚಿಬಿಡುತ್ತೇವೆ.

ಇವೆರಡರ ನಡುವೆ ಮೂರನೆಯದೊಂದಿದೆ. ಕಾರ್ಡು ಅಸಲಿ, ಅದರಲ್ಲಿ ಸಂಶಯವಿಲ್ಲ. ಆದರೆ ಯಾರೋ ಸವೆದ ಅಂಚನ್ನು ಕತ್ತರಿಸಿರುತ್ತಾರೆ, ಮಾಸಿದ ಬಣ್ಣಕ್ಕೆ ಪೆನ್ನು ಆಡಿಸಿರುತ್ತಾರೆ, ಮಡಿಕೆಗೆ ಇಸ್ತ್ರಿ ಹಾಕಿರುತ್ತಾರೆ. ಕೈ ಹಾಕಿದ ಕಾರ್ಡಿಗೆ ಅಂಕ ಕೊಟ್ಟರೆ ಹಾಗೇ ಕಾಪಾಡಿಕೊಂಡು ಬಂದವನಿಗೆ ಅನ್ಯಾಯ. ಆದ್ದರಿಂದ ಚೀಟಿಯಲ್ಲಿ "ಅಸಲಿ" ಎಂದಷ್ಟೇ ಬರೆದು ಅಂಕದ ಜಾಗವನ್ನು ಖಾಲಿ ಬಿಡುತ್ತೇವೆ. ಜನ ಇದನ್ನು ನಕಲಿ ಎಂದು ನಯವಾಗಿ ಹೇಳುವ ಬಗೆ ಎಂದುಕೊಳ್ಳುತ್ತಾರೆ. ಇಲ್ಲದಿದ್ದರೆ ಕಾರ್ಡಿನ ಯಜಮಾನ ಮೋಸಗಾರ ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ಈ ಎರಡನೆಯ ತಪ್ಪನ್ನು ನಾನೇ ಮಾಡಿದ್ದೇನೆ ಎಂಬುದನ್ನು ಮುಂದೆ ಹೇಳಲಿಕ್ಕಿದೆ.

ನಾನು ಕೆದಂಬಾಡಿಯವಳು, ಗಿರಿಜಾ. ಈ ಕೆಲಸಕ್ಕೆ ಮೊದಲು ಪುತ್ತೂರಿನ ಒಂದು ಮುದ್ರಣಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮದುವೆ ಕಾಗದ, ಕ್ಯಾಲೆಂಡರು ನೋಡಿದವಳು. ನಾಲ್ಕು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಹಮೀದಾಕ ಎಂದು ನಾವೆಲ್ಲ ಕರೆಯುವ ಬ್ಯಾರಿ ಧಣಿಗಳು ಗಲ್ಫಿನಲ್ಲಿ ಈ ಕಾರ್ಡಿನ ವ್ಯವಹಾರ ನೋಡಿ ಕಲಿತು, ಊರಿಗೆ ಬಂದು ಕಚೇರಿ ತೆರೆದಾಗ ಚೀಟಿ ಅಚ್ಚು ಮಾಡಿಸಲು ನಮ್ಮಲ್ಲಿಗೆ ಬಂದರು. ಜೇಬಿನಿಂದ ಐದು ಕಾರ್ಡು ತೆಗೆದು ನನ್ನ ಮುಂದಿಟ್ಟರು.

"ಗಿರಿಜಕ್ಕ, ಇದರಲ್ಲಿ ಒಂದು ಕಳ್ಳ ಉಂಟು. ಹಿಡೀರಿ ನೋಡುವ."

ನೋಡಿದೆ. ನಾಲ್ಕರಲ್ಲಿ ಕಪ್ಪು ಅಕ್ಷರ ಗಟ್ಟಿ ಕಪ್ಪಾಗಿತ್ತು. ಐದನೆಯದರಲ್ಲಿ ಕಪ್ಪು ಎಂಬುದು ನೀಲಿ, ಕೆಂಪು, ಹಳದಿ ಚುಕ್ಕೆಗಳ ಸಂತೆ. ಎಂದರೆ ಅಸಲಿಯ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದು. ಅದನ್ನು ಬೆರಳಿನಿಂದ ಆಚೆ ತಳ್ಳಿದೆ.

"ಇಷ್ಟು ಬೇಗ ಹೇಗೆ ಸಿಕ್ಕಿತು?" ಎಂದರು.

"ಮದುಮಗನ ಹೆಸರು ಮಸುಕಾದ್ರೆ ಅವನ ಅಪ್ಪ ಬೈಯುದು ನನ್ನನ್ನು. ಬೈಗಳು ತಿಂದ ಕಣ್ಣು ತಪ್ಪುದಿಲ್ಲ" ಎಂದೆ. ಮುಂದಿನ ತಿಂಗಳು ಅವರ ಕಚೇರಿಯಲ್ಲಿದ್ದೆ.

ಅಲ್ಲಿ ನನಗೆ ಮೇಲಿನವರಾಗಿದ್ದವರು ಭಂಡಾರಿ ಸರ್. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಅಂಗಡಿಯವರ ತಕ್ಕಡಿ ಹಿಡಿದು ಹಿಡಿದು ಯಾರನ್ನೂ ನಂಬದ ಸ್ವಭಾವ ಬಂದಿತ್ತು. ಅವರ ಬಾಯಿಂದ "ಚೆನ್ನಾಗಿದೆ" ಎಂಬ ಮಾತು ನಾನು ಒಮ್ಮೆಯೂ ಕೇಳಿಲ್ಲ. "ಅಡ್ಡಿಯಿಲ್ಲ" ಎಂದರೆ ನಮಗೆ ಪಾಯಸ ಉಂಡಷ್ಟು ಸಂತೋಷ. ಒಂದು ಕಾರ್ಡನ್ನು ಇಬ್ಬರು ಬೇರೆ ಬೇರೆ ಮೇಜಿನಲ್ಲಿ ನೋಡಿ, ಚೀಟಿ ಬರೆದು ಮಡಚಿ ಕೊಡಬೇಕು. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಗೊತ್ತಾಗಬಾರದು. ಚೀಟಿಗಳು ಹೊಂದದಿದ್ದರೆ ಇಬ್ಬರೂ ಮತ್ತೆ ನೋಡಬೇಕು. ಆಗ ಕೆಮ್ಮಿದರೂ ಸರ್ ತಲೆ ಎತ್ತಿ ನೋಡುತ್ತಿದ್ದರು, ಕೆಮ್ಮಿನಲ್ಲಿ ಸುಳಿವು ಕೊಡುತ್ತಿದ್ದೇವೋ ಎಂದು.

ಮೊದಲ ವರ್ಷವೇ ನಾನು ಮುಗ್ಗರಿಸಿದೆ. ಒಂದು ಫುಟ್ಬಾಲ್ ಕಾರ್ಡಿನ ಬಣ್ಣ, ಹೊಳಪು ನೋಡಿ ಮರುಳಾಗಿ ಒಂಬತ್ತು ಕೊಟ್ಟೆ. ಇನ್ನೊಂದು ಮೇಜಿನವಳೂ ಒಂಬತ್ತು ಕೊಟ್ಟಿದ್ದಳು, ಕಾರ್ಡು ಹಾಗೇ ಹೊರಗೆ ಹೋಯಿತು. ಎರಡು ತಿಂಗಳ ನಂತರ ಕಾಸರಗೋಡಿನ ಒಬ್ಬರು ಅದನ್ನು ಹಿಡಿದುಕೊಂಡು ಬಂದರು. ಅದರ ಪಕ್ಕ ಅದೇ ಬಗೆಯ ಇನ್ನೊಂದು ಕಾರ್ಡು ಇಟ್ಟರು. ನಮ್ಮದು ಕೂದಲೆಳೆಯಷ್ಟು ಗಿಡ್ಡ. ಯಾರೋ ಕೆಳಗಿನ ಅಂಚನ್ನು ಬ್ಲೇಡಿನಿಂದ ಸವರಿದ್ದರು. ನಾನು ಅಗಲ ಅಳೆದಿದ್ದೆ, ಉದ್ದ ಅಳೆದಿರಲಿಲ್ಲ.

ಭಂಡಾರಿ ಸರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ತಿಂಗಳು ನನ್ನ ಭೂತಗನ್ನಡಿ ತೆಗೆದಿಟ್ಟು, ಕೈಗೆ ಅಳತೆಗೋಲು ಕೊಟ್ಟರು. "ನೋಡ್ಬೇಡಿ. ಅಳೀರಿ ಅಷ್ಟೆ" ಎಂದರು. ಆ ತಿಂಗಳಲ್ಲಿ ನಾನು ಅಂಚುಗಳನ್ನು ಕಲಿತೆ. ಹಳೆಯ ಅಂಚು ಹಳದಿಯಾಗಿ, ಮುಟ್ಟಿದರೆ ತುಸು ಮೆತ್ತಗಿರುತ್ತದೆ. ಹೊಸದಾಗಿ ಕತ್ತರಿಸಿದ್ದು ಬೆಳ್ಳಗೆ, ನುಣ್ಣಗೆ ಇರುತ್ತದೆ. ಬ್ಲೇಡಿನ ಗೆರೆ ನೇರ, ಕತ್ತರಿಯ ಗೆರೆಯಲ್ಲಿ ಮೆಟ್ಟಿಲುಗಳು. ಹುಡುಗಿಯರೇ, ಕಾರ್ಡಿನ ಮುಖ ಎಲ್ಲರೂ ನೋಡುತ್ತಾರೆ. ನಿಮಗೆ ಸಂಬಳ ಕೊಡುವುದು ಅಂಚು ನೋಡಲಿಕ್ಕೆ.

ನಗು ಬರುವಂಥವೂ ಇದ್ದವು. ಸುಳ್ಯದ ಕಡೆಯ ಒಬ್ಬರು ಎರಡು ತುಂಡಾದ ಕಾರ್ಡನ್ನು ರಬ್ಬರ್ ಮರದ ಹಾಲು ಹಚ್ಚಿ ಅಂಟಿಸಿ ತಂದಿದ್ದರು. ಪೆಟ್ಟಿಗೆ ತೆರೆದರೆ ರಬ್ಬರ್ ಹಾಳೆಯ ಹೊಗೆಯ ವಾಸನೆ. ಭಂಡಾರಿ ಸರ್ ಮೂಗು ಮುಚ್ಚಿಕೊಂಡು, "ಇದು ಅಸಲಿ. ವಾಸನೆಯೂ ಅಸಲಿ" ಎಂದರು. ಹನ್ನೊಂದು ವರ್ಷದಲ್ಲಿ ಅವರು ಮಾಡಿದ ಹಾಸ್ಯ ಅದೊಂದೇ. ಇನ್ನೊಬ್ಬರು ಮೇಷ್ಟ್ರು, ತಮಗೆ ಅಂಕವೇ ಬೇಡ ಎಂದು ಅರ್ಜಿಯಲ್ಲಿ ಬರೆದಿದ್ದರು. ಕೇಳಿದ್ದಕ್ಕೆ, "ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿ ಬೇಸತ್ತಿದ್ದೇನೆ ಮಾರಾಯ್ರೆ, ಅಸಲಿ ಹೌದಾ ಅಲ್ವಾ ಅಷ್ಟು ಹೇಳಿ ಸಾಕು" ಎಂದರು. ಹೀಗೆ ಅಂಕವಿಲ್ಲದ ಚೀಟಿ ಇದ್ದಲ್ಲೆಲ್ಲ ಕಳ್ಳತನ ಇರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದು ಮುಂದಿನ ಕೆಲಸ.

ನಿವೃತ್ತಿಗೆ ಒಂದು ವರ್ಷ ಇತ್ತು. ರಾಮಕುಂಜದ ಅಣ್ಣ ತಮ್ಮಂದಿರಿಬ್ಬರು ಎರಡು ಕಾರ್ಡು ಕಳುಹಿಸಿದ್ದರು. ಅಣ್ಣ ಅಶ್ರಫ್, ಕಡಬದಲ್ಲಿ ಪಾತ್ರೆ ಅಂಗಡಿ. ತಮ್ಮ ನೌಫಲ್ ಗಲ್ಫಿನಲ್ಲಿ ಕೆಲಸಕ್ಕಿದ್ದು ರಜೆಯಲ್ಲಿ ಬಂದಿದ್ದ. ತೀರಿಕೊಂಡ ಅವರ ತಂದೆ ಹಿಂದೆ ಗಲ್ಫಿನಿಂದ ಇಬ್ಬರು ಮಕ್ಕಳಿಗೂ ಒಂದೇ ಕ್ರಿಕೆಟ್ ಆಟಗಾರನ ಒಂದೊಂದು ಕಾರ್ಡು ತಂದುಕೊಟ್ಟಿದ್ದರು. ಎರಡೂ ಊರಿನ ಮನೆಯಲ್ಲೇ ಇದ್ದವು. ಅಣ್ಣನ ಕಾರ್ಡಿಗೆ ಏಳು ಅಂಕ ಬಂತು. ತಮ್ಮನ ಕಾರ್ಡು ನಾಲ್ಕು ಕಡೆಯೂ ಕತ್ತರಿಸಿ ಗಿಡ್ಡವಾಗಿತ್ತು, "ಅಸಲಿ" ಎಂದಷ್ಟೇ ಬಂತು. ನೋಡಿದ್ದು ಬೇರೆ ಮೇಜಿನ ಇಬ್ಬರು, ಚೀಟಿಗಳು ಸರಿಯಾಗಿಯೇ ಇದ್ದವು.

ಗುರುವಾರ ಮಧ್ಯಾಹ್ನ ಇಬ್ಬರೂ ಕಾರ್ಡು ಒಯ್ಯಲು ಬಂದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬ್ಯಾರಿ ಭಾಷೆಯಲ್ಲಿ ಜೋರು ಮಾತು ಕೇಳಿತು. ಆ ದಿನ ಭಂಡಾರಿ ಸರ್ ರಜೆಯಲ್ಲಿದ್ದರು. ಕಾರ್ಡು ಪರೀಕ್ಷೆ ಮಾಡುವವರು ಯಜಮಾನರ ಎದುರು ಹೋಗಬಾರದು ಎಂಬುದು ಅವರ ನಿಯಮ. ಆದರೆ ಹಮೀದಾಕ ಒಳಗೆ ಬಂದು, "ಗಿರಿಜಕ್ಕ, ಒಮ್ಮೆ ಬಂದು ವಿವರಿಸಿ, ನನ್ನ ಕೈಯಲ್ಲಿ ಆಗುದಿಲ್ಲ" ಎಂದರು. ನಾನೂ ಎದ್ದು ಹೋದೆ. ವಿವರಿಸುವುದೆಂದರೆ ನನಗೆ ಖುಷಿ, ಸುಳ್ಳು ಯಾಕೆ ಹೇಳಲಿ.

ನೌಫಲ್ ಕವಚವನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ದೂಡಿದ. "ಉಪ್ಪ ನನ್ನ ಕೈಯಲ್ಲಿ ಕೊಟ್ಟದ್ದು ಇದಲ್ಲ, ಅಕ್ಕ. ನನ್ನದು ಸರಿ ಇತ್ತು. ನಾನು ಊರಲ್ಲಿ ಇಲ್ಲದಾಗ ಯಾರೋ ಬದಲಾಯಿಸಿದ್ದು."

"ಯಾರೋ ಅಂದ್ರೆ ಯಾರು? ಹೆಸರು ಹೇಳು" ಎಂದ ಅಶ್ರಫ್. ಅವನ ಮುಖ ಬಿಳಿಚಿತ್ತು. "ಉಪ್ಪನ ವಸ್ತುವಿಗೆ ನಾನು ಕೈ ಹಾಕ್ತೇನಾ?"

ನಾನು ಕವಚವನ್ನು ಬೆಳಕಿಗೆ ಹಿಡಿದೆ. ಕವಚದ ಚೌಕಟ್ಟು ಅಂಚನ್ನು ಅರ್ಧ ಮುಚ್ಚಿದ್ದರೂ ಒಂದು ಬದಿಯಲ್ಲಿ ಗೆರೆ ಕಾಣುತ್ತಿತ್ತು. ಅದು ಬ್ಲೇಡಲ್ಲ, ಮನೆಯ ದೊಡ್ಡ ಕತ್ತರಿಯೂ ಅಲ್ಲ. ಸಣ್ಣ ಬಾಯಿಯ ಕತ್ತರಿ. ಒಂದು ಬದಿಗೆ ಮೂರು ಸಲ ಆಡಿಸಿದ್ದಾರೆ, ಒಂದೊಂದು ಸಲ ನಿಂತಲ್ಲೂ ಸಣ್ಣ ಮೆಟ್ಟಿಲು. ಇಂಥ ಗೆರೆ ನೋಡುತ್ತಲೇ ನಾನು ಬೆಳೆದದ್ದು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಸೊಪ್ಪನ್ನು ಮೊಣಕಾಲಿನ ಮೇಲೆ ಇಟ್ಟು, ತಗಡಿನ ಅಳತೆ ಒತ್ತಿ ಹಿಡಿದು, ಬೀಡಿ ಕತ್ತರಿಯಲ್ಲಿ ಚಕ್ ಚಕ್ ಚಕ್ ಎಂದು ಮೂರೇ ಏಟಿಗೆ ಬದಿ ತೆಗೆಯುತ್ತಿದ್ದರು. ಒಗ್ಗಿದ ಕೈ ಕಾಗದ ಸಿಕ್ಕಿದರೂ ಹಾಗೆಯೇ ಕತ್ತರಿಸುತ್ತದೆ.

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆದರೆ ನನಗೆ ನನ್ನ ಜಾಣತನ ತೋರಿಸದೆ ಇರಲಾಗಲಿಲ್ಲ. "ಇದು ಬೀಡಿ ಕತ್ತರಿಯ ಕೆಲಸ. ನಿಮ್ಮ ಮನೆಯಲ್ಲಿ ಬೀಡಿ ಕಟ್ಟುದು ಯಾರು?" ಎಂದು ಕೇಳಿದೆ.

ನೌಫಲ್ ನಿಧಾನವಾಗಿ ಅಣ್ಣನ ಕಡೆ ತಿರುಗಿದ.

"ಉಮ್ಮ ಕಟ್ತಾರೆ. ಅತ್ತಿಗೆ ಕಟ್ತಾರೆ. ಉಮ್ಮ ಇಂಥ ಕೆಲಸ ಮಾಡುದಿಲ್ಲ. ಇನ್ನು ಉಳಿದದ್ದು ಯಾರು ಕಾಕ, ನೀನೇ ಹೇಳು."

ಬ್ಯಾರಿಗಳಲ್ಲಿ ಅಣ್ಣನಿಗೆ ಕಾಕ, ತಾಯಿಗೆ ಉಮ್ಮ. ಅತ್ತಿಗೆ ಎಂದರೆ ಅಶ್ರಫನ ಹೆಂಡತಿ ಜುಬೈದಾ. ಅಶ್ರಫ್ ತಮ್ಮನ ಅಂಗಿ ಹಿಡಿದ. ಹಮೀದಾಕ ನಡುವೆ ನುಗ್ಗಿ ಬಿಡಿಸಿದರು. ನಾನು ಏನೇನೋ ಹೇಳಲು ಹೊರಟೆ, ಯಾರು ಕೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೌಫಲ್ ಬಾಗಿಲಲ್ಲೇ ನಿಂತು ಕವಚದ ಫೋಟೋ ತೆಗೆದು, ಅತ್ತಿಗೆ ಹಾಳಾದ ಕಾರ್ಡನ್ನು ಕತ್ತರಿಸಿ ಮೈದುನನಿಗೆ ಬಿಟ್ಟು ಒಳ್ಳೆಯದನ್ನು ಗಂಡನಿಗೆ ಇಟ್ಟಿದ್ದಾರೆ, ಪುತ್ತೂರಿನ ಕಾರ್ಡಿನವರೇ ಕತ್ತರಿಯ ಗುರುತು ಹೇಳಿದ್ದಾರೆ ಎಂದು ಕುಟುಂಬದ ವಾಟ್ಸಪ್ ಗ್ರೂಪಿಗೆ ಹಾಕಿದ. ಕಾರ್ಡುಗಳನ್ನು ಅಲ್ಲೇ ಬಿಟ್ಟು ಹೋದರು.

ಸಂಜೆಯೊಳಗೆ ಹಮೀದಾಕನಿಗೆ ಸುದ್ದಿ ಬಂತು. ಜುಬೈದಾ ಒಂದು ಬ್ಯಾಗು ತುಂಬಿಸಿಕೊಂಡು ಐವರ್ನಾಡಿನ ತವರಿಗೆ ಹೋಗಿದ್ದಾಳೆ. ಅವಳು ಮರಳಿ ಬರದಿದ್ದರೆ ತನಗೆ ತಮ್ಮನೇ ಇಲ್ಲ ಎಂದು ಅಶ್ರಫ್ ಹೇಳಿದ್ದಾನೆ. ನೌಫಲನ ವಿಮಾನ ಭಾನುವಾರ ಬೆಳಿಗ್ಗೆ. ಹೋದರೆ ಇನ್ನು ಎರಡು ವರ್ಷಕ್ಕೆ ಬರುವುದು.

ಶುಕ್ರವಾರ ಭಂಡಾರಿ ಸರ್ ಬಂದಾಗ ನಾನೇ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾರ್ಡಿಗೆ ಏನಾಗಿದೆ ಅಂತ ಹೇಳುದು ನಿಮ್ಮ ಕೆಲಸ. ಯಾರು ಮಾಡಿದ್ದು ಅಂತ ಹೇಳ್ಲಿಕ್ಕೆ ನಿಮ್ಮನ್ನು ಯಾರು ಇಟ್ಟದ್ದು?"

"ನಾನು ಹೆಸರು ಹೇಳಲಿಲ್ಲ ಸರ್, ಕೇಳಿದ್ದು ಮಾತ್ರ."

"ಬೆಂಕಿ ಕಡ್ಡಿ ಗೀರಿದ್ದು ಮಾತ್ರ ಅಂತಲೂ ಹೇಳ್ಬಹುದು."

ನಾನು ಒಂದೇ ಕೇಳಿಕೊಂಡೆ: ಕವಚ ಒಡೆದು ಅಂಚನ್ನು ಪೂರ್ತಿ ನೋಡಬೇಕು. ಕತ್ತರಿಸಿದ್ದು ಹಳತೋ ಹೊಸತೋ ಎಂದಾದರೂ ಗೊತ್ತಾಗಬೇಕು. ಕವಚ ಒಡೆಯಲು ಯಜಮಾನರ ಸಹಿ ಬೇಕು. ಹಮೀದಾಕ ಸ್ವತಃ ರಾಮಕುಂಜಕ್ಕೆ ಹೋಗಿ ಇಬ್ಬರ ಸಹಿಯನ್ನೂ ತಂದರು. ನೌಫಲ್ ಕೂಡಲೇ ಹಾಕಿದನಂತೆ, "ನೋಡಿ, ಇನ್ನೂ ಗಟ್ಟಿ ಆಗ್ತದೆ ಸಾಕ್ಷಿ" ಎಂದು. ನನ್ನ ಕಣ್ಣು ಇನ್ನೊಮ್ಮೆ ತಪ್ಪಿದರೆ ಆ ಹೆಂಗಸು ಆ ಮನೆಗೆ ಕಾಲಿಡುವುದಿಲ್ಲ.

ಒಡೆದದ್ದು ಭಂಡಾರಿ ಸರ್. ಕವಚದ ಮೂಲೆಗೆ ಇಕ್ಕಳ ಹಾಕಿ ಒತ್ತುವಾಗ ಜಾರಿದರೆ ಕಾರ್ಡು ಹೋಯಿತು. ಫ್ಯಾನು ನಿಲ್ಲಿಸಿದ್ದೆವು. ಅವರ ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಟಕ್ ಎಂದಿತು, ಮುಚ್ಚಳ ಬಿಟ್ಟಿತು. ಎರಡನೆಯದನ್ನೂ ಹಾಗೆಯೇ ಬಿಡಿಸಿ ಎರಡು ಕಾರ್ಡುಗಳನ್ನೂ ನನ್ನ ಮುಂದಿಟ್ಟು ಹಿಂದೆ ಸರಿದರು.

ಕತ್ತರಿಸಿದ ಅಂಚು ಹಳದಿಯಾಗಿತ್ತು. ಆದರೆ ನಮ್ಮ ಊರಿನ ಮಳೆಗಾಲದಲ್ಲಿ ಕಾಗದ ಬೇಗ ಹಳದಿಯಾಗುತ್ತದೆ, ಅದೊಂದರ ಮೇಲೆ ಯಾರ ಮರ್ಯಾದೆಯನ್ನೂ ಇಡಲಾಗದು. ಮಗುಚಿ ನೋಡಿದೆ. ಮತ್ತೆ ಮುಂದಕ್ಕೆ ತಿರುಗಿಸಿದೆ. ಅರ್ಧ ಗಂಟೆ ಏನೂ ಸಿಗಲಿಲ್ಲ. ಕಡೆಗೆ ದೀಪವನ್ನು ಓರೆಯಾಗಿ ಹಿಡಿದಾಗ ಕಾಣಿಸಿತು. ನಾಲ್ಕು ಮೂಲೆಯಲ್ಲೂ ತ್ರಿಕೋನದ ಆಕಾರದಲ್ಲಿ ಬಣ್ಣ ಮಾಸದೆ ಉಳಿದಿದೆ. ಹಳೆಯ ಫೋಟೋ ಆಲ್ಬಮ್‌ಗಳಲ್ಲಿ ಚಿತ್ರ ಸಿಕ್ಕಿಸಲು ಕಾಗದದ ಮೂಲೆಗಳು ಇರುತ್ತಿದ್ದವಲ್ಲ, ಅವುಗಳ ಅಡಿಯಲ್ಲಿ ಇದ್ದ ಜಾಗ. ಅಣ್ಣನ ಕಾರ್ಡಿನಲ್ಲೂ ಅವೇ ತ್ರಿಕೋನಗಳಿದ್ದವು.

ಅಳತೆಗೋಲು ತೆಗೆದುಕೊಂಡೆ. ಆಲ್ಬಮ್‌ನಿಂದ ತೆಗೆದ ಮೇಲೆ ಕತ್ತರಿಸಿದ್ದರೆ ಅಂಚಿನ ಜೊತೆ ತ್ರಿಕೋನವೂ ಹೋಗಿ ಚಿಕ್ಕದಾಗಬೇಕು. ಎರಡೂ ಕಾರ್ಡಿನ ಎಂಟು ತ್ರಿಕೋನಗಳನ್ನು ಅಳೆದೆ. ಎಲ್ಲ ಒಂದೇ ಅಳತೆ. ಎಂದರೆ ಕತ್ತರಿಸಿ ಆದ ಮೇಲೆ ಆಲ್ಬಮ್‌ಗೆ ಹಾಕಿದ್ದು. ಭಂಡಾರಿ ಸರ್ ತಾವೂ ಒಮ್ಮೆ ಅಳೆದರು.

ಅಶ್ರಫನಿಗೆ ಫೋನು ಮಾಡಿದೆ. "ಆಲ್ಬಮ್‌ಗೆ ಹಾಕಿದ್ದು ಯಾವಾಗ?"

"ಉಪ್ಪ ಕೊನೆಯ ಸಲ ರಜೆಯಲ್ಲಿ ಬಂದಾಗ ಅವರೇ ಹಾಕಿದ್ದು. ಅಲ್ಲಿಂದ ತೆಗ್ದದ್ದು ಈಗ ನಿಮಗೆ ಕಳಿಸುವಾಗ. ಯಾಕಕ್ಕ?"

"ನಿಮ್ಮ ಮದುವೆ?"

"ಉಪ್ಪ ತೀರಿ ಹೋಗಿ ಎರಡು ವರ್ಷದ ಮೇಲೆ." ಹೇಳುತ್ತ ಹೇಳುತ್ತ ಅವನಿಗೇ ಹೊಳೆಯಿತು.

ಜುಬೈದಾ ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಕಾರ್ಡು ಕತ್ತರಿಸಿ ಆಗಿತ್ತು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳಲ್ಲದಿದ್ದರೆ ಉಳಿದವರು ಒಬ್ಬರೇ. ಭಂಡಾರಿ ಸರ್ ಹೊಸ ಚೀಟಿ ಬರೆದರು: ಅಸಲಿ, ಅಂಚು ಕತ್ತರಿಸಿದ್ದು, ಹಳೆಯದು. ಅಲ್ಲಿಯವರೆಗೆ ನಾವು ಕಾರಣ ಬರೆಯುತ್ತಿರಲಿಲ್ಲ. ಅಂದಿನಿಂದ ಬರೆಯುವ ಕ್ರಮ ಬಂತು. ಕಾರಣ ಹೇಳದೆ ಬಿಟ್ಟರೆ ಜನ ತಮಗೆ ಬೇಕಾದ ಕಾರಣ ತುಂಬಿಸಿಕೊಳ್ಳುತ್ತಾರೆ.

ಶನಿವಾರ ಬೆಳಿಗ್ಗೆ ಹಮೀದಾಕನ ಕಾರಿನಲ್ಲಿ ರಾಮಕುಂಜಕ್ಕೆ ಹೋದೆ. ಜಗಲಿಯಲ್ಲಿ ಅವರ ತಾಯಿ ಖದೀಜಾ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸೊಪ್ಪು ಕತ್ತರಿಸುತ್ತಿದ್ದರು. ನನ್ನ ಅಮ್ಮನ ಹಾಗೆಯೇ, ಬದಿಗೆ ಮೂರು ಏಟು. ನಾನು ಬೇರೆ ಕಡೆ ನೋಡಿದೆ. ಅಶ್ರಫ್ ಮತ್ತು ನೌಫಲ್ ಚಾವಡಿಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಇನ್ನೂ ಕವಚಕ್ಕೆ ಹಾಕದ ಎರಡೂ ಕಾರ್ಡುಗಳನ್ನು ಬೆಂಚಿನ ಮೇಲಿಟ್ಟು, ತ್ರಿಕೋನಗಳನ್ನು ತೋರಿಸಿ, ಅಳತೆಗೋಲನ್ನು ನೌಫಲನ ಕೈಗೇ ಕೊಟ್ಟೆ. ಅವನು ಅಳೆದ. ಇನ್ನೊಮ್ಮೆ ಅಳೆದ.

"ಹಾಗಾದ್ರೆ ಅತ್ತಿಗೆ ಬರುವ ಮೊದಲೇ..." ಎಂದು ನಿಲ್ಲಿಸಿದ. "ಹಾಗಾದ್ರೆ ಯಾರು?"

"ಅದು ನಾನು ಹೇಳುದಲ್ಲ" ಎಂದೆ.

ಜಗಲಿಯ ಕತ್ತರಿಯ ಸದ್ದು ನಿಂತಿತ್ತು. ಖದೀಜಮ್ಮ ಮೊರವನ್ನು ಪಕ್ಕಕ್ಕಿಟ್ಟು ಬಾಗಿಲಿಗೆ ಬಂದರು.

"ನಾನು ಕತ್ತರಿಸಿದ್ದು" ಎಂದರು. ಅವರು ಬ್ಯಾರಿಯಲ್ಲೇ ಹೇಳಿದ್ದು, ನನಗೆ ಅಷ್ಟು ಅರ್ಥವಾಗುತ್ತದೆ. "ಎರಡೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ. ಚಿಕ್ಕವನದ್ದರ ಅಂಚು ಜಿರಲೆ ತಿಂದಿತ್ತು. ಶಾಲೆಯಿಂದ ಬಂದು ನೋಡಿದ್ರೆ ಅಳ್ತಾನೆ ಅಂತ ಅಂಚು ತೆಗ್ದು ಸಮ ಮಾಡಿದೆ. ಚಂದ ಕಂಡಿತು. ಅವನಿಗೆ ಗೊತ್ತೇ ಆಗ್ಲಿಲ್ಲ."

"ಮೊನ್ನೆ ಯಾಕೆ ಹೇಳ್ಲಿಲ್ಲ ಉಮ್ಮ?" ಎಂದು ಅಶ್ರಫ್ ಕೇಳಿದ. ಅವನ ದನಿ ಒಡೆದಿತ್ತು. "ಅವಳು ಬ್ಯಾಗು ತುಂಬಿಸುವಾಗ ನೀವು ಇಲ್ಲೇ ಕೂತಿದ್ರಿ."

"ನೀವಿಬ್ಬರೂ ಅಷ್ಟು ಬೊಬ್ಬೆ ಹಾಕುವಾಗ ನಂಗೆ ಹೆದರಿಕೆ ಆಯ್ತು. ಬಾಯಿ ಬರ್ಲಿಲ್ಲ." ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನೌಫಲ್ ತಾಯಿಯ ಕಾಲ ಬುಡದಲ್ಲಿ ಕೂತುಬಿಟ್ಟ. ಯಾರೂ ಯಾರನ್ನೂ ಬೈಯಲಿಲ್ಲ. ಸ್ವಲ್ಪ ಹೊತ್ತಿಗೆ ಖದೀಜಮ್ಮನೇ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದು, "ಕಾರು ಉಂಟಲ್ಲ, ನಡೀರಿ" ಎಂದರು.

ಬೆಳ್ಳಾರೆ ದಾಟಿ ಐವರ್ನಾಡು ಮುಟ್ಟಿದೆವು. ಜುಬೈದಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮೂವತ್ತರ ಒಳಗಿನ ಸಣಕಲು ಹೆಂಗಸು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಅತ್ತೆ ಅವಳ ಎರಡೂ ಕೈ ಹಿಡಿದು ಎಲ್ಲವನ್ನೂ ಹೇಳಿದರು. ಜುಬೈದಾ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ, ಒಳಗಿನಿಂದ ನೀರು ತಂದುಕೊಟ್ಟಳು. ನೌಫಲ್ ತಲೆ ತಗ್ಗಿಸಿ, "ತಪ್ಪಾಯ್ತು ಅತ್ತಿಗೆ" ಎಂದ.

"ಗ್ರೂಪಲ್ಲಿ ಹಾಕಿದ್ದನ್ನು ಅಂಗಳದಲ್ಲಿ ನಿಂತು ಹೇಳಿದ್ರೆ ಮುಗೀತಾ?" ಎಂದು ಅವಳು ಕೇಳಿದಳು. ಅವನು ಫೋನು ತೆಗೆದು ಅಲ್ಲೇ ನಿಂತು ಟೈಪು ಮಾಡಿ, ಕಳುಹಿಸಿ, ಅವಳಿಗೆ ತೋರಿಸಿದ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಕಾರ್ಡು ಕೇಳಿದಳು, ಚೀಟಿಯ ಜೊತೆ ಕೊಟ್ಟೆ. ಹೊಸ ಚೀಟಿಯನ್ನು ಬೆರಳಿಟ್ಟು ಓದಿದಳು.

"ಇದರಲ್ಲಿ ಯಾರು ಕತ್ತರಿಸಿದ್ದು ಅಂತ ಇಲ್ಲ."

"ಇಲ್ಲ. ಅದನ್ನು ನಾವು ಬರೆಯುದಿಲ್ಲ."

"ಬರೆಯುದಿಲ್ಲ. ಮತ್ತೆ ಮೊನ್ನೆ ಬಾಯಲ್ಲಿ ಹೇಳಿದ್ದು ಯಾಕೆ? ನನ್ನ ಮುಖ ನೋಡಿದ್ದೀರಾ ನೀವು?"

ಅವಳು ನೌಫಲನ ಕೈಯಿಂದ ಫೋನು ತೆಗೆದು, ಗ್ರೂಪು ತೆರೆದು, ದನಿ ಹಿಡಿಯುವ ಗುಂಡಿ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು. "ಇವನದ್ದು ಆಯ್ತು. ಕಾರ್ಡಿನವರೇ ಹೇಳಿದ್ದು ಅಂತ ಎಲ್ಲರೂ ನಂಬಿದ್ದು. ನೀವೂ ಹೇಳಿ."

"ನಾನು ಗಿರಿಜಾ, ಪುತ್ತೂರಿನ ಕಾರ್ಡಿನ ಕಚೇರಿಯವಳು. ಜುಬೈದಾ ಕಾರ್ಡು ಕತ್ತರಿಸಿದ್ದಲ್ಲ. ಅವರು ಆ ಮನೆಗೆ ಬರುವ ಮೊದಲೇ ಅದು ಆಗಿದೆ. ನನ್ನ ಮಾತಿನಿಂದ ಸ್ವಲ್ಪ ತಪ್ಪು ತಿಳುವಳಿಕೆ ಆಯಿತು, ಕ್ಷಮಿಸಬೇಕು" ಎಂದೆ.

ಅವಳು ಅದನ್ನು ಕಳುಹಿಸಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹಾಕಿ ಕೇಳಿದಳು. ನನ್ನ ದನಿ ಅಂಗಳದಲ್ಲಿ ನನಗೇ ಕೇಳಿಸಿತು. ಅಶ್ರಫ್, ನೌಫಲ್, ಹಮೀದಾಕ, ಬಾಗಿಲಲ್ಲಿ ನಿಂತ ಅವಳ ಮನೆಯವರು, ಎಲ್ಲರೂ ಕೇಳಿದರು.

"ತಿಳುವಳಿಕೆ ತಪ್ಪಾದದ್ದಾ, ನೀವು ತಪ್ಪಿದ್ದಾ?" ಎಂದಳು. ಅಳಿಸಿದಳು. ಮತ್ತೆ ಫೋನು ಹಿಡಿದಳು.

ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ, ಹತ್ತು ವರ್ಷ ಇಲ್ಲಿ, ಯಾರೂ ನನ್ನಿಂದ ಈ ಮಾತು ಹೊರಡಿಸಿರಲಿಲ್ಲ. "ಕಾರ್ಡು ಕತ್ತರಿಸಿದ್ದು ಜುಬೈದಾ ಅಲ್ಲ" ಎಂದೆ. "ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವಳ ಹಾಗೆ ಆಡಿದೆ. ನಾನು ತಪ್ಪಿದೆ."

ಅವಳು ಇದನ್ನೂ ಪೂರ್ತಿ ಹಾಕಿ ಕೇಳಿದಳು. ಗುಂಡಿ ಒತ್ತಿ ಕಳುಹಿಸಿ, ಫೋನನ್ನು ನೌಫಲನ ಕೈಗೆ ಕೊಟ್ಟು ಒಳಗೆ ಹೋದಳು. ನಾವು ಅಂಗಳದಲ್ಲೇ ನಿಂತಿದ್ದೆವು. ಅಶ್ರಫ್ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಸುಮಾರು ಹೊತ್ತಾದ ಮೇಲೆ ಅವಳು ಬ್ಯಾಗು ಹಿಡಿದುಕೊಂಡು ಹೊರಗೆ ಬಂದಳು.